ವೇಗಸ್ ನರವೂ ಹಾರ್ನ್ ಅಂಗಡಿಯ ಗನಿ ಸಾಹೇಬರೂ

ಮೊನ್ನೆ ಮನೆಗೆಲಸಕ್ಕೆ ಬರುವ ಸೆಲ್ವಿ ಬಚ್ಚಲಿನ ಮೂಲೆಯಿಂದ ಒಂದು ನೀಲಿ ಬೇಸಿನ್ ಎತ್ತಿಕೊಂಡು ಬಂದು, "ಅಕ್ಕಾ, ಇದು ಸುಮ್ನೆ ಬಿದ್ದಿದೆ. ಇದ್ರಲ್ಲಿ ಬಟ್ಟೆ ನೆನೆಸ್ಲಾ?" ಎಂದಳು. ನಾನು ಪತ್ರಿಕೆಯಿಂದ ತಲೆ ಎತ್ತದೆ, "ಬೇಡ, ಅದು ನನ್ನ ಮುಖದ್ದು" ಎಂದೆ. ಸೆಲ್ವಿ ಬೇಸಿನ್ ನೋಡಿದಳು, ನನ್ನ ಮುಖ ನೋಡಿದಳು, ಎರಡರ ಅಳತೆಯನ್ನೂ ಮನಸ್ಸಿನಲ್ಲೇ ತಾಳೆ ಹಾಕಿದಳೆಂದು ಕಾಣುತ್ತದೆ. "ಸರಿ ಅಕ್ಕಾ" ಎಂದು ಎಲ್ಲಿತ್ತೋ ಅಲ್ಲೇ ಇಟ್ಟುಬಂದಳು. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿರುವವಳು. ನನ್ನ ವಿಷಯದಲ್ಲಿ ಅವಳಿಗೆ ಆಶ್ಚರ್ಯಗಳು ಉಳಿದಿಲ್ಲ.

ನಿಮಗೆ ಉಳಿದಿರಬಹುದು. ಅದಕ್ಕೇ ಹೇಳುತ್ತೇನೆ.

ನಾನು ಹಲಸೂರಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ಮದುವೆಯಾಗಲಿಲ್ಲ, ಯಾಕೆ ಎಂಬುದು ಬೇರೆ ಪ್ರಬಂಧ, ಅದನ್ನು ಬರೆಯುವ ಉದ್ದೇಶವಿಲ್ಲ. ನಿವೃತ್ತಿಯಾದ ಮೇಲೆ ಸರ್ವಜ್ಞನಗರದ ಈ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಕಾಫಿ ಕುಡಿದುಕೊಂಡು ಹಾಯಾಗಿರುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ಆದರೆ ಶಾಲೆ ಬಿಟ್ಟ ಮರುವಾರದಿಂದಲೇ ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಅಂದರೆ ಶಾಲೆಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ, ನನ್ನ ಎದೆ ಡವಡವ ಎನ್ನತೊಡಗಿತು. ಹತ್ತು ನಿಮಿಷ ಹೊಡೆದುಕೊಂಡು ತಾನೇ ನಿಲ್ಲುತ್ತಿತ್ತು. ಭಾನುವಾರ ಮಾತ್ರ ರಜೆ.

ಡಾಕ್ಟರರು ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಕೊನೆಗೆ ಕಾಗದಗಳನ್ನು ಮಡಚಿಡುತ್ತ, "ಹಾರ್ಟ್ ಚೆನ್ನಾಗಿದೆ ಮೇಡಂ. ನೀವು ಸ್ವಲ್ಪ ಸುಮ್ಮನಿರೋದು ಕಲೀಬೇಕು ಅಷ್ಟೇ" ಎಂದರು. ಮೂರು ದಶಕ ಮಕ್ಕಳಿಗೆ ದಿನಕ್ಕೆ ನೂರು ಸಲ "ಸುಮ್ನಿರಿ" ಎಂದವಳಿಗೆ ಯಾರೋ ಅದೇ ಮಾತನ್ನು ಮರಳಿಸಿದ್ದರು. ಮಕ್ಕಳಿಗೆ ಹೇಗನಿಸುತ್ತಿತ್ತೆಂದು ಅವತ್ತು ಗೊತ್ತಾಯಿತು.

ಸುಮ್ಮನಿರುವುದು ಹೇಗೆಂದು ಡಾಕ್ಟರರು ಹೇಳಿರಲಿಲ್ಲ. ಅದನ್ನು ಹೇಳಲು ಕೆ.ಆರ್. ಪುರದಲ್ಲಿರುವ ನನ್ನ ತಂಗಿ ಶೈಲಾ ಇದ್ದಳು. ಅವಳ ಮೊಬೈಲಿಗೆ ಬರುವ ಆರೋಗ್ಯದ ವಿಡಿಯೋಗಳೆಲ್ಲ ಅವಳ ಮೂಲಕ ನನ್ನ ಮೊಬೈಲಿಗೆ ಇಳಿಯುತ್ತವೆ, ಮೇಲಿನ ಮನೆಯ ನೀರು ಕೆಳಗಿನ ಮನೆಯ ಗೋಡೆಗೆ ಇಳಿಯುವ ಹಾಗೆ.

"ಅಕ್ಕಾ, ನಿನ್ ವೇಗಸ್ ವೀಕ್ ಆಗಿದೆ" ಎಂದಳು ಫೋನಿನಲ್ಲಿ.

"ಅದ್ಯಾವುದೇ?"

"ನರ ಕಣೇ. ತಲೆ ಒಳಗಿಂದ ಹೊರಟು ಕತ್ತು, ಗಂಟ್ಲು, ಹಾರ್ಟು, ಹೊಟ್ಟೆ, ಎಲ್ಲಾ ಕಡೆ ಹೋಗುತ್ತೆ. ಅದನ್ನ ಎಬ್ಬಿಸಿದ್ರೆ ಹಾರ್ಟು ತಾನೇ ನಿಧಾನ ಆಗುತ್ತೆ. ಮನೇಲೇ ಮಾಡ್ಬಹುದು. ಇಂದಿರಾನಗರದಲ್ಲಿ ಕ್ಲಾಸಿದೆ, ನಿನ್ ಹೆಸರು ಕೊಟ್ಬಿಟ್ಟಿದೀನಿ."

ಮನೆಯಲ್ಲೇ ಮಾಡುವುದಕ್ಕೆ ಇಂದಿರಾನಗರಕ್ಕೆ ಏಕೆ ಹೋಗಬೇಕೆಂದು ನಾನು ಕೇಳಲಿಲ್ಲ. ನನ್ನ ತಲೆ ಆ ಹೆಸರಿನ ಮೇಲೆಯೇ ನಿಂತಿತ್ತು. ಹೆಸರಿನಲ್ಲಿ ವೇಗ, ಕೆಲಸ ಮಾತ್ರ ನಿಧಾನ ಮಾಡುವುದು. ಶಾಂತಮೂರ್ತಿ ಎಂಬ ಹೆಸರಿನ ಹುಡುಗನೊಬ್ಬ ನನ್ನ ಎಂಟನೇ ತರಗತಿಯಲ್ಲಿದ್ದ. ಒಂದೇ ವರ್ಷದಲ್ಲಿ ನಾಲ್ಕು ಕಿಟಕಿ ಗಾಜು ಒಡೆದಿದ್ದ. ಹೆಸರುಗಳ ವಿಷಯ ಹಾಗೆಯೇ.

ಕ್ಲಾಸು ಒಂದು ಕಾಫಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಇಪ್ಪತ್ತು ಜನ ಚಾಪೆಗಳ ಮೇಲೆ ಕೂತಿದ್ದೆವು. ಕಲಿಸುವವಳು ತೆಳ್ಳಗಿನ ಹುಡುಗಿ. ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸದ ಅರ್ಧದಲ್ಲೇ ಮುಖ್ಯವಾದದ್ದು ಇದೆಯೆಂದು ಎಲ್ಲರೂ ಮುಂದಕ್ಕೆ ಬಾಗಿದ್ದರು. ಮೊದಲು ಉಸಿರನ್ನು ಉದ್ದಕ್ಕೆ ಬಿಡುವುದು ಕಲಿಸಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್‌ಗುಡುವುದು. ಆಮೇಲೆ ಎಲ್ಲರ ಕೈಗೂ ಒಂದೊಂದು ಪೇಪರ್ ಲೋಟದಲ್ಲಿ ನೀರು ಬಂತು.

"ಈಗ ಗಾರ್ಗಲ್ ಮಾಡಿ. ಕಣ್ಣಲ್ಲಿ ನೀರು ಬರೋವರೆಗೂ ಮಾಡ್ಬೇಕು. ನಾಚ್ಕೋಬೇಡಿ. ಇದು ಸೇಫ್ ಸ್ಪೇಸ್."

ಇಪ್ಪತ್ತು ಜನ ಕತ್ತು ಮೇಲೆತ್ತಿ ಒಟ್ಟಿಗೆ ಗಳಗಳಿಸಿದೆವು. ನನ್ನ ಪಕ್ಕದಲ್ಲಿದ್ದವನು ಕತ್ತಿನಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡೇ ಬಂದಿದ್ದ; ಅವನು ಎಷ್ಟು ಶ್ರದ್ಧೆಯಿಂದ ಗಳಗಳಿಸಿದನೆಂದರೆ ಚೀಟಿ ಪೂರ್ತಿ ಒದ್ದೆಯಾಯಿತು. ಕೊನೆಗೆ ಆ ಹುಡುಗಿ, ಹಲ್ಲುಜ್ಜುವಾಗ ನಾಲಿಗೆಯ ಹಿಂಭಾಗವನ್ನು ಒತ್ತಿ ಒಮ್ಮೆ ವಾಂತಿ ಬರುವ ಹಾಗೆ ಮಾಡಿಕೊಂಡರೆ ವೇಗಸ್ ನರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲವೆಂದು, ದೊಡ್ಡ ಗುಟ್ಟೊಂದನ್ನು ಬಿಟ್ಟುಕೊಡುವ ದನಿಯಲ್ಲಿ ಹೇಳಿದಳು.

ನಾನು ಚಾಪೆಯ ಮೇಲೆ ಕೂತಲ್ಲೇ ನನ್ನ ಬಾಲ್ಯದ ವಿಮಾನಪುರಕ್ಕೆ ಹೋಗಿಬಿಟ್ಟೆ.

ನಮ್ಮ ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಮೊದಲ ಪಾಳಿಗೆ ಹೋಗಲು ಐದು ಗಂಟೆಗೆ ಏಳುತ್ತಿದ್ದರು. ಕ್ವಾರ್ಟರ್ಸಿನ ಹಿತ್ತಿಲಲ್ಲಿ ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಾಮ್ರದ ಪಟ್ಟಿಯಿಂದ ನಾಲಿಗೆ ಹೆರೆದುಕೊಳ್ಳಲು ಶುರುಮಾಡಿದರೆಂದರೆ ಅದು ಒಂದು ಕಾರ್ಯಕ್ರಮ. ಮೊದಲು ಸಣ್ಣದಾಗಿ "ಎಹ್" ಎಂಬ ಪೀಠಿಕೆ. ಆಮೇಲೆ ಹೊಟ್ಟೆಯ ತಳದಿಂದ ಏಳುವ "ವ್ಯಾ...ಕ್". ಅದು ಮೂರು ಸಲ. ನಡುವೆ ಗಂಟಲು ಮುಕ್ಕಳಿಸಿ, ನಲ್ಲಿಯ ತಣ್ಣೀರನ್ನು ಬೊಗಸೆಯಲ್ಲಿ ಹಿಡಿದು ಮುಖಕ್ಕೆ ರಪರಪನೆ ಎರಚಿಕೊಳ್ಳುತ್ತಿದ್ದರು. ಎದುರುಮನೆಯ ರಾಜಮ್ಮ ಎರಡನೇ ವ್ಯಾಕಿಗೆ ಎದ್ದು ಮೂರನೆಯದಕ್ಕೆ ಒಲೆ ಹಚ್ಚುತ್ತಿದ್ದರಂತೆ. ಅಪ್ಪ ರಜೆಯಲ್ಲಿ ಊರಿಗೆ ಹೋದಾಗ ಅವರ ಗಂಡ ಎರಡು ದಿನ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡರು.

ನನಗೆ ಮಾತ್ರ ಅದು ಸಾಯುವಷ್ಟು ನಾಚಿಕೆ. ಒಮ್ಮೆ ಗೆಳತಿಯೊಬ್ಬಳು ಪರೀಕ್ಷೆಗೆ ಓದಿಕೊಳ್ಳಲು ಬಂದು ನಮ್ಮ ಮನೆಯಲ್ಲೇ ಮಲಗಿದ್ದಳು. ಬೆಳಿಗ್ಗೆ ಕಾರ್ಯಕ್ರಮ ಶುರುವಾದೊಡನೆ ಧಡಕ್ಕನೆ ಎದ್ದು ಕೂತು, "ಏನೇ ಅದು?" ಎಂದಳು. ನಾನು, "ಪಕ್ಕದ ಮನೇಲಿ ಎಮ್ಮೆ ಸಾಕಿದಾರೆ" ಎಂದೆ. ಆಗ ಅಪ್ಪ ಹಿತ್ತಿಲಿನಿಂದ ಒಳಗೆ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಎದ್ಬಿಟ್ರಾ ಮಕ್ಳಾ?" ಎಂದು ಕೇಳಿದರು. ಅವಳು ಅವರನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ.

ಅದೇ ಅಪ್ಪ ದಿಂಬಿಗೆ ತಲೆಯಿಟ್ಟರೆ ಎರಡು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದರು. ಕಾರ್ಖಾನೆಯಲ್ಲಿ ಸ್ಟ್ರೈಕ್ ನಡೆಯುತ್ತಿದ್ದಾಗಲೂ ಅಷ್ಟೇ. ಇಂದಿರಾನಗರದ ಹುಡುಗಿ ನಾಲ್ಕು ವಾರದಲ್ಲಿ ಕಲಿಸಬೇಕೆಂದಿದ್ದ ಪಾಠವನ್ನು ಅವರು ನಲ್ಲಿಯ ಮುಂದೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ನಾವು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದೆವು.

ಹೀಗೆ ನಾನು ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಬೆಳಿಗ್ಗೆ ಆರಕ್ಕೆ ಐದು ನಿಮಿಷ ಗಳಗಳ, ಹತ್ತು ನಿಮಿಷ ಗುಂಯ್. ವಾರ ಕಳೆಯುವಷ್ಟರಲ್ಲಿ ಎಂಟೂ ನಲವತ್ತರ ಡವಡವ ಸ್ವಲ್ಪ ಕಡಿಮೆಯಾದಂತೆ ತೋರಿತು. ನರ ಎದ್ದಿತ್ತೋ, ಮಾಡಲು ಒಂದು ಕೆಲಸ ಸಿಕ್ಕಿತೆಂದು ಮನಸ್ಸು ಸುಮ್ಮನಾಗಿತ್ತೋ, ನನಗೆ ತಿಳಿಯದು.

ಆದರೆ ನಮ್ಮ ಕಟ್ಟಡದ ರಚನೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳೆಯ ಬಂಗಲೆಯೊಂದನ್ನು ಕೆಡವಿ ಕಟ್ಟಿದ ನಾಲ್ಕು ಮಹಡಿಯ ಫ್ಲ್ಯಾಟು ಇದು. ಎಲ್ಲ ಬಚ್ಚಲುಗಳ ಕಿಟಕಿಗಳೂ ನಡುವಿನ ಒಂದೇ ಡಕ್ಟಿಗೆ, ಅಂದರೆ ಬಾವಿಯಂಥ ಒಂದು ಖಾಲಿ ಜಾಗಕ್ಕೆ ತೆರೆದುಕೊಳ್ಳುತ್ತವೆ. ಮೇಲೆ ಸೋಪು ಬಿದ್ದರೆ ಕೆಳಗೆ ಗೊತ್ತಾಗುತ್ತದೆ. ಅದರೊಳಗೆ ನನ್ನ ಗಳಗಳ ಇಳಿದು, ಗೋಡೆಗಳಿಗೆ ಬಡಿದು, ನಾಲ್ಕು ಪಟ್ಟಾಗಿ ಮೊದಲ ಮಹಡಿಯ ಗನಿ ಸಾಹೇಬರ ಮನೆಗೆ ಹೋಗುತ್ತಿತ್ತು.

ಗನಿ ಸಾಹೇಬರಿಗೆ ಶಿವಾಜಿನಗರದಲ್ಲಿ ಹಾರ್ನ್ ಅಂಗಡಿ. ಲಾರಿ ಹಾರ್ನು, ಬಸ್ ಹಾರ್ನು, ಆಟೋಗಳ ಪೀಂ ಪೀಂ, ಎಲ್ಲವೂ ಅಲ್ಲಿ ಸಿಗುತ್ತವೆ. ಕೊಳ್ಳುವವರು ಬಾರಿಸಿ ನೋಡದೆ ಕೊಳ್ಳುವುದಿಲ್ಲ. ಅಂಥವರು ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು.

"ಮೇಡಂ, ಬೆಳಿಗ್ಗೆ ಬೆಳಿಗ್ಗೆ ಅದೇನ್ರೀ ಶಬ್ದ?"

"ಗಾರ್ಗಲ್ ಮಾಡ್ತೀನಿ. ಆರೋಗ್ಯಕ್ಕೆ."

"ಯಾರೋ ಮುಳುಗ್ತಾ ಇದಾರೆ ಅನ್ಸುತ್ತೆ. ದಿನಾ ಪೂರಾ ಅಂಗಡೀಲಿ ಹಾರ್ನ್ ಕೇಳ್ತೀನಿ ನಾನು. ಮನೇಲಾದ್ರೂ ನಿಶ್ಶಬ್ದ ಬೇಡ್ವಾ?"

"ಊರಿಗೆಲ್ಲ ಹಾರ್ನ್ ಮಾರೋರು ನೀವು, ನನ್ನ ಒಂದು ಲೋಟ ನೀರಿಗೆ ಬೇಜಾರಾ?" ಎಂದೆ. ಶಾಲೆಯಲ್ಲಿ ಮೂವತ್ತೊಂದು ವರ್ಷ ಕೊನೆಯ ಮಾತು ನನ್ನದೇ ಆಗಿರುತ್ತಿತ್ತು. ಆ ಅಭ್ಯಾಸ ಪಿಂಚಣಿಯ ಜೊತೆಗೇ ಬಂದಿತ್ತು.

ಅವರು ಮುಖ ಕೆಂಪಗೆ ಮಾಡಿಕೊಂಡು ಇಳಿದುಹೋದರು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಮಾತಿಲ್ಲ. ಆದರೆ ಆರು ಗಂಟೆಗೆ ನಾನು ಗಳಗಳ ಶುರುಮಾಡಿದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಡಕ್ಟಿನೊಳಗೆ ಒಂದು ಕೂಗು ಬರುತ್ತಿತ್ತು: "ಬಸ್ ಕರೋ..." ಸಾಕು ಮಾಡಿ ಎಂದು. ಆ "ರೋ" ಉಸಿರು ಮುಗಿಯುವವರೆಗೂ ಎಳೆದದ್ದು. ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ. ನಾನು ಉತ್ತರವಾಗಿ ಗುಂಯ್ ಅನ್ನು ಇನ್ನೆರಡು ನಿಮಿಷ ಉದ್ದ ಮಾಡುತ್ತಿದ್ದೆ. ಮನಶ್ಶಾಂತಿಯ ಅಭ್ಯಾಸವನ್ನು ನಾನು ಜಿದ್ದಿಗೆ ಮಾಡುತ್ತಿದ್ದೆನೆಂಬುದು ಆಗ ಹೊಳೆಯಲಿಲ್ಲ.

ಅವರ ಹೆಂಡತಿ ನಸ್ರೀನ್ ಮಾತ್ರ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ದಿನಾ ಮಧ್ಯಾಹ್ನ ಮೂರಕ್ಕೆ ನನ್ನ ಮನೆಗೆ ಬರುತ್ತಿದ್ದರು. ಅವರಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ಬರುತ್ತಿರಲಿಲ್ಲ. ಐವತ್ತೈದನೇ ವಯಸ್ಸಿನಲ್ಲಿ ಬಸ್ಸಿನ ಬೋರ್ಡು ತಾನೇ ಓದಿಕೊಳ್ಳಬೇಕೆಂದು ಕಲಿಯಲು ಬಂದವರು ಒತ್ತಕ್ಷರದವರೆಗೂ ತಲುಪಿದ್ದರು. ನಾನು ಒಮ್ಮೆ ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಪಟ್ಟ ಪಾಡು ನೋಡಿ, ಇನ್ನೊಂದು ಕೀಲಿಯನ್ನು ತಮ್ಮ ಬಳಿ ಇಟ್ಟುಕೊಂಡಿದ್ದರು.

ನಾಲ್ಕನೇ ಭಾನುವಾರ ಇಂದಿರಾನಗರದ ಹುಡುಗಿ ಹೊಸ ಪಾಠ ಕೊಟ್ಟಳು: ಬೇಸಿನ್ನಿನಲ್ಲಿ ತಣ್ಣೀರು, ಅದರಲ್ಲಿ ಐಸ್ ತುಂಡುಗಳು, ಉಸಿರು ಬಿಗಿಹಿಡಿದು ಮೂವತ್ತು ಸೆಕೆಂಡು ಮುಖ ಅದರೊಳಗೆ. "ಒಳಗೆ ಏನೇನೋ ಕೇಳಿಸ್ಬಹುದು. ಅದಕ್ಕೆ ಗಮನ ಕೊಡ್ಬೇಡಿ" ಎಂದಿದ್ದಳು. ನಾನು ಕಮರ್ಷಿಯಲ್ ಸ್ಟ್ರೀಟಿನಿಂದ ಈ ನೀಲಿ ಬೇಸಿನ್ ತಂದೆ.

ಮಂಗಳವಾರ ಬೆಳಿಗ್ಗೆ ಗಳಗಳಕ್ಕಿಂತ ಮೊದಲು ಐಸ್ ಮುಗಿಸಿಬಿಡೋಣವೆಂದುಕೊಂಡೆ. ಒಬ್ಬಳೇ ಇರುವ ಮನೆಯಾದ್ದರಿಂದ ಬಚ್ಚಲಿನ ಬಾಗಿಲು ತೆರೆದೇ ಇತ್ತು. ಬೇಸಿನ್ ಇಡುವಾಗ ಕೈತಾಗಿ ಸ್ಟೀಲಿನ ಬಕೆಟ್ ದಢಾರನೆ ಉರುಳಿತು. ಆಮೇಲೆ ಎಲ್ಲ ನಿಶ್ಶಬ್ದ. ಐಸ್ ಸುರಿದು, ಮೊಬೈಲಿನಲ್ಲಿ ಮೂವತ್ತು ಸೆಕೆಂಡು ಗೊತ್ತುಮಾಡಿ, ಬಾಗಿ ಮುಖ ಅದ್ದಿದೆ. ಹತ್ತು ಸೆಕೆಂಡಿಗೇ ತಡೆಯಲಾಗದೆ ಎತ್ತಿದೆ. ಸುಧಾರಿಸಿಕೊಂಡು ಮತ್ತೆ ಅದ್ದಿದೆ. ಮತ್ತೆ ಎತ್ತಿದೆ.

ಕೆಳಗೆ ಏನು ನಡೆಯಿತೆಂದು ನಸ್ರೀನ್ ಆಮೇಲೆ ಹೇಳಿದರು. ಗನಿ ಸಾಹೇಬರು ಹಾಸಿಗೆಯಲ್ಲಿ ಎದ್ದು ಕೂತಿದ್ದರಂತೆ. ದಢಾರ್ ಶಬ್ದ ಕೇಳಿತು. ಆರಾಯಿತು. ಆರೂ ಐದಾಯಿತು. "ನಸ್ರೀನ್, ಮೇಡಂ ಶಬ್ದ ಬಂದಿಲ್ಲ" ಎಂದರಂತೆ. "ಒಳ್ಳೇದಾಯ್ತಲ್ಲ, ಮಲ್ಕೊಳ್ಳಿ" ಎಂದರಂತೆ ಇವರು. "ಇಲ್ಲ, ಏನೋ ಬಿತ್ತು. ಆಮೇಲೆ ಶಬ್ದಾನೇ ಇಲ್ಲ. ಕೀಲಿ ತಗೋ."

ಕರೆಗಂಟೆ ಬಾರಿಸಿದಾಗ ನನ್ನ ಮುಖ ಮೂರನೇ ಸಲ ನೀರಿನೊಳಗಿತ್ತು. ದೂರದಲ್ಲೆಲ್ಲೋ ಗಂಟೆಯಂತೆ ಕೇಳಿಸಿತು. ನನ್ನ ವೇಗಸ್ ನರವೇ ಎಚ್ಚರಗೊಂಡಿದೆಯೆಂದು ಭಾವಿಸಿ, ಹೇಳಿಕೊಟ್ಟಂತೆ ಗಮನ ಕೊಡದೆ ಇದ್ದೆ. ಆಮೇಲೆ ಯಾರೋ "ಯಾ ಅಲ್ಲಾ" ಎಂದಂತಾಯಿತು. ಹೆಗಲ ಮೇಲಿದ್ದ ಟವೆಲ್ಲನ್ನು ಹಿಡಿದು ಯಾರೋ ನನ್ನನ್ನು ಬಾವಿಯಿಂದ ಕೊಡ ಎಳೆಯುವ ಹಾಗೆ ಮೇಲಕ್ಕೆಳೆದರು.

ಕಣ್ಣು ಬಿಟ್ಟರೆ ಎದುರಿಗೆ ಗನಿ ಸಾಹೇಬರು. ಹಿಂದೆ ನಸ್ರೀನ್, ಎರಡೂ ಕೈ ಬಾಯಿಯ ಮೇಲೆ.

"ಇನ್ನೂ ಹತ್ತು ಸೆಕೆಂಡ್ ಇತ್ತು" ಎಂದೆ ನಾನು.

ಗನಿ ಸಾಹೇಬರು ನನ್ನನ್ನು, ತೇಲುತ್ತಿದ್ದ ಐಸನ್ನು, ಮತ್ತೆ ನನ್ನನ್ನು ನೋಡಿದರು. "ಬದುಕಿದೀರಾ?"

"ಬದುಕಿದೀನಿ."

"ಹಂಗಾದ್ರೆ ನಾನು ಸ್ವಲ್ಪ ಕೂತ್ಕೋತೀನಿ" ಎಂದು ಉರುಳಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಣೆಯಲ್ಲಿ ಬೆವರು. ಎರಡು ವರ್ಷದಿಂದ ನಾಡಿ ಎಣಿಸಿಕೊಂಡೇ ಬದುಕಿದ್ದ ನಾನು ಅವರ ಮಣಿಕಟ್ಟು ಹಿಡಿದೆ. ಎಣಿಸಲಾಗಲಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಂದೇ ಇರಲಿಲ್ಲ.

ನೈಟಿಯ ಮೇಲೆ ಶಾಲು ಹೊದ್ದು ಓಡಿಹೋಗಿ ಆಟೋ ನಿಲ್ಲಿಸಿದೆ. ಕುಕ್ ಟೌನಿನ ಹತ್ತಿರದ ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ, ತಲೆಯಿಂದ ನೀರು ಸೋರುತ್ತಿದ್ದ ನನ್ನನ್ನು ನೋಡಿ ಇಬ್ಬರು ಓಡಿಬಂದು ಗಾಲಿಕುರ್ಚಿಯಲ್ಲಿ ಕೂರಿಸಿಬಿಟ್ಟರು. "ನಾನಲ್ಲ, ಅವರು" ಎಂದೆ. "ಸರಿ ಅಮ್ಮಾ, ಗಾಬರಿ ಆಗ್ಬೇಡಿ" ಎಂದು ತಳ್ಳಿಕೊಂಡು ಹೋದರು. ನಿಜವಾದ ರೋಗಿ ಹಿಂದಿನಿಂದ ಹೆಂಡತಿಯ ತೋಳು ಹಿಡಿದು ನಡೆದುಕೊಂಡು ಬಂದರು. ಒಳಗಿದ್ದ ಡ್ಯೂಟಿ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು, "ಎಷ್ಟು ಹೊತ್ತು ನೀರಲ್ಲಿದ್ರಿ?" ಎಂದಳು.

"ಇಪ್ಪತ್ತು ಸೆಕೆಂಡು. ಆದ್ರೆ ಪೇಷೆಂಟ್ ಅವರು."

ಗನಿ ಸಾಹೇಬರನ್ನು ಮಂಚಕ್ಕೆ ಒರಗಿಸಿ ಕೂರಿಸಿ ವೈರುಗಳನ್ನು ಅಂಟಿಸಿದಾಗ ಪರದೆಯ ಮೇಲೆ ನೂರ ತೊಂಬತ್ತು ಎಂದು ಬಂತು. ನಸ್ರೀನ್ ಗೋಡೆಗೆ ಒರಗಿದರು. ಡಾಕ್ಟರ್ ಹುಡುಗಿ ಗಾಬರಿಯಾಗಲಿಲ್ಲ. ಸೂಜಿಯಿಲ್ಲದ ಒಂದು ಸಿರಿಂಜನ್ನು ಅವರ ಕೈಗೆ ಕೊಟ್ಟಳು. "ಅಂಕಲ್, ಇದರ ತುದೀಲಿ ಬಾಯಿಟ್ಟು ಊದಿ. ಒಳಗಿರೋ ಪಿಸ್ಟನ್ ಅಲ್ಲಾಡ್ಬೇಕು. ಹದಿನೈದು ಸೆಕೆಂಡ್ ಬಿಡ್ಬಾರ್ದು."

ಅವರು ಊದಿದರು. ಕೂಡಲೇ ಅವರನ್ನು ಅಂಗಾತ ಮಲಗಿಸಿ ನರ್ಸೊಬ್ಬರು ಎರಡೂ ಕಾಲನ್ನು ಮೇಲಕ್ಕೆತ್ತಿ ಹಿಡಿದರು. ಏನೂ ಆಗಲಿಲ್ಲ.

"ಹೊಟ್ಟೆಯಿಂದ ಊದಿ" ಎಂದೆ ನಾನು ಗಾಲಿಕುರ್ಚಿಯಿಂದ.

"ನೀವು ಇವರಿಗೆ ಏನಾಗ್ಬೇಕು?" ಎಂದಳು ಡಾಕ್ಟರ್.

"ಮೇಲಿನ ಮನೆಯವರು" ಎಂದರು ನಸ್ರೀನ್ ಮೆಲ್ಲಗೆ.

ಎರಡನೇ ಸಲ ಅವರು ಕಣ್ಣುಗುಡ್ಡೆ ಹೊರಬರುವಂತೆ ಊದಿದರು. ಕಾಲು ಮೇಲೆ ಹೋಯಿತು. ಪರದೆಯ ಗೆರೆ ಒಂದು ಕ್ಷಣ ಏನೂ ಇಲ್ಲದೆ ನೆಟ್ಟಗೆ ಹೋಯಿತು. ನಸ್ರೀನ್ ನನ್ನ ಕೈಯನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದರು. ಆಮೇಲೆ ಒಂದು ಬಡಿತ, ಬಿಡುವು, ಇನ್ನೊಂದು ಬಡಿತ. ಎಂಬತ್ತೆಂಟು.

"ನೋಡಿದ್ರಾ? ವೇಗಸ್ ಕೆಲ್ಸ ಮಾಡ್ತು" ಎಂದಳು ಡಾಕ್ಟರ್.

ಗನಿ ಸಾಹೇಬರು ಕಣ್ಣು ತೆರೆದು, "ಬೇಗಂ ಏನ್ ಮಾಡಿದ್ಲು?" ಎಂದರು.

"ಬೇಗಂ ಅಲ್ಲ ಅಂಕಲ್, ವೇಗಸ್. ನರ. ಹಾರ್ಟಿಗೆ ಬ್ರೇಕ್ ಹಾಕೋ ನರ. ಇದಕ್ಕೆ ಮುಂಚೆ ಹೀಗೆ ಆಗಿತ್ತಾ?"

ಅವರು ಹೆಂಡತಿಯ ಕಡೆ ನೋಡಿದರು. "ಇಲ್ಲ" ಎಂದರು. ಡಾಕ್ಟರ್ ಸುಮ್ಮನೆ ನೋಡುತ್ತಲೇ ಇದ್ದಳು. ಪಾಠ ಓದಿಕೊಂಡು ಬರದ ಹುಡುಗರನ್ನು ನಾನು ಹಾಗೇ ನೋಡುತ್ತಿದ್ದೆ, ಅದು ಎಂದೂ ತಪ್ಪುವುದಿಲ್ಲ. "ಆರು ತಿಂಗಳಿಂದ ಆಗ್ತಾ ಇದೆ. ವಾರಕ್ಕೆ ಎರಡು ಸಲ, ಮೂರು ಸಲ. ಬೆಳಿಗ್ಗೆ ಎಚ್ಚರ ಆದ ತಕ್ಷಣ" ಎಂದರು.

"ಹೇಗೆ ನಿಲ್ತಿತ್ತು?"

ಅವರು ನನ್ನ ಕಡೆ ಕಣ್ಣು ಹಾಯಿಸಿ, ನಾಚಿಕೊಂಡು, "ಮೊದ್ಲು ತಾನಾಗೇ ನಿಲ್ತಿತ್ತು. ಈಗ ಒಂದು ತಿಂಗಳಿಂದ ಇವ್ರಿಗೆ ಬೈದ್ರೆ ನಿಲ್ತಿತ್ತು" ಎಂದರು. ಎದೆ ಓಡಲು ಶುರುವಾದಾಗ ಮೇಲಿನಿಂದ ಗಳಗಳ ಬರುತ್ತಿತ್ತಂತೆ. ಸಿಟ್ಟಿಗೆ ಹೊಟ್ಟೆ ಬಿಗಿಹಿಡಿದು, ಉಸಿರು ಮುಗಿಯುವವರೆಗೂ "ಬಸ್ ಕರೋ" ಎಂದು ಕೂಗುತ್ತಿದ್ದರಂತೆ. ಕೂಗಿ ಮುಗಿದರೆ ಎದೆ ಸರಿಯಾಗಿರುತ್ತಿತ್ತಂತೆ. ಆ ಹುಡುಗಿ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟಳು. "ಮುಕ್ಕಿ ಕೂಗೋದೂ ಹೆಚ್ಚುಕಮ್ಮಿ ಇದೇ ಅಂಕಲ್. ನೀವಿಬ್ರೂ ಒಂದೇ ನರಕ್ಕೆ ಟ್ರೀಟ್‌ಮೆಂಟ್ ಮಾಡ್ಕೋತಾ ಇದ್ರಿ."

ಆಮೇಲೆ ಗಂಭೀರವಾಗಿ, ನನ್ನ ಐಸ್ ಸ್ನಾನವನ್ನು ನಿಲ್ಲಿಸಬೇಕೆಂದೂ, ಒಬ್ಬರೇ ಇರುವವರು ಅದನ್ನು ಮಾಡಲೇಬಾರದೆಂದೂ ಹೇಳಿದಳು. ಗನಿ ಸಾಹೇಬರಿಗೆ, ಅವರ ಹೃದಯದೊಳಗೆ ವಿದ್ಯುತ್ತು ಹರಿಯುವ ದಾರಿಯ ಪಕ್ಕ ಒಂದು ಕಳ್ಳದಾರಿ ಇದೆಯೆಂದು ತಿಳಿಸಿದಳು. ತೊಡೆಯ ಮೂಲಕ ಒಂದು ತೆಳು ವೈರು ಕಳಿಸಿ ಆ ದಾರಿಯನ್ನು ಸುಟ್ಟು ಮುಚ್ಚಬೇಕು, ಹೃದ್ರೋಗ ತಜ್ಞರನ್ನು ಬೇಗ ಕಾಣಿ ಎಂದು ಚೀಟಿ ಬರೆದುಕೊಟ್ಟಳು. ಅವರಿಗೆ ಅದು ಎಲ್ಲರಿಗಿಂತ ಬೇಗ ಅರ್ಥವಾಯಿತು. "ಹಾರ್ನ್ ವೈರ್ ಶಾರ್ಟ್ ಆದಂಗೆ. ಸ್ವಿಚ್ ಬಿಟ್ರೂ ಬಾರಿಸ್ತಾನೇ ಇರುತ್ತೆ" ಎಂದರು. ಅರ್ಥವಾದದ್ದರಿಂದಲೇ ಹೆದರಿದರು.

ಮರುದಿನ ಅವರು ಮೆಟ್ಟಿಲು ಹತ್ತಿ ಬಂದರು. ಮೇಡಂ ಹೋಗಿ ಆಪಾ, ಅಂದರೆ ಅಕ್ಕ, ಬಂದಿತ್ತು. "ಆಪಾ, ತೊಡೆಯಿಂದ ವೈರ್ ಗೀರ್ ನಕ್ಕೋ, ಬೇಡ. ನಿಮ್ಮ ಗಾರ್ಗಲ್ ನಂಗೂ ಹೇಳ್ಕೊಡಿ. ಅದ್ರಲ್ಲೇ ಸರಿ ಮಾಡ್ಕೋತೀನಿ."

ಇಲ್ಲಿ ನಾನು ಇಲ್ಲ ಎನ್ನಬೇಕಿತ್ತು. ಆದರೆ ಎರಡು ವರ್ಷದಿಂದ ತರಗತಿಯಿಲ್ಲದ ಟೀಚರಿಗೆ ವಿದ್ಯಾರ್ಥಿಯೊಬ್ಬ ತಾನಾಗಿ ಬಂದು ಕೂತಿದ್ದ. ಚೀಟಿ ಏನು ಹೇಳುತ್ತದೆಂದು ಗೊತ್ತಿದ್ದೂ, "ಸರಿ, ನಾಳೆ ಆರಕ್ಕೆ" ಎಂದುಬಿಟ್ಟೆ. ಹತ್ತು ದಿನ ಡಕ್ಟಿನ ಮೂಲಕ ಪಾಠ ನಡೆಯಿತು. ನಾನು ಮೇಲೆ ಗಳಗಳ, ಅವರು ಕೆಳಗೆ ಗಳಗಳ. ನಾನು "ಈಗ ಗುಂಯ್" ಎಂದು ಕೂಗಿದರೆ ಅವರು ಲಾರಿ ಏರು ಹತ್ತುವ ಹಾಗೆ ಗುಂಯ್‌ಗುಡುತ್ತಿದ್ದರು. ಮೂರನೇ ಮಹಡಿಯವರು ಕಿಟಕಿಗೆ ಥರ್ಮೋಕೋಲ್ ಅಂಟಿಸಿಕೊಂಡರು. ಗನಿ ಸಾಹೇಬರಿಗೆ ಹತ್ತು ದಿನವೂ ಎದೆ ಓಡಲಿಲ್ಲ; ನಾನು ಶೈಲಾಳಿಗೆ ಫೋನ್ ಮಾಡಿ ನನ್ನ ವಿದ್ಯಾರ್ಥಿಯ ಪ್ರಗತಿಯನ್ನು ವರ್ಣಿಸಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ, ಕನ್ನಡ ಪಾಠದ ಹೊತ್ತಿನಲ್ಲಿ, ನಸ್ರೀನರ ಫೋನು ರಿಂಗಾಯಿತು. ಅಂಗಡಿಯಲ್ಲಿ ಎದೆ ಓಡಲು ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಗಿರಾಕಿಗಳ ಮುಂದೆಯೇ ಗಾರ್ಗಲ್ ಮಾಡಿದ್ದರು, ಗುಂಯ್‌ಗುಟ್ಟಿದ್ದರು, ಸಿರಿಂಜ್ ಸಿಗದೆ ಹಾರ್ನಿನ ರಬ್ಬರ್ ಕೊಳವೆಯನ್ನೂ ಊದಿದ್ದರು. ನಿಂತಿರಲಿಲ್ಲ. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಸಾಗಿಸಿದ್ದರು. ಈ ಸಲ ಊದುವುದರಿಂದ ಆಗದೆ ಇಂಜೆಕ್ಷನ್ ಕೊಡಬೇಕಾಯಿತು.

ಹಾಸಿಗೆಯ ಪಕ್ಕ ನಿಂತಾಗ ಅವರೇ, "ನಾನು ಸರಿಯಾಗಿ ಮಾಡಿಲ್ಲ ಅನ್ಸುತ್ತೆ ಆಪಾ" ಎಂದರು. ತಪ್ಪು ತನ್ನದೆನ್ನುವ ವಿದ್ಯಾರ್ಥಿಯ ಮುಂದೆ ನಿಲ್ಲುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

"ನೀವು ಸರಿಯಾಗೇ ಮಾಡಿದ್ರಿ. ತಪ್ಪು ನಂದು. ನನ್ನದು ಬರೀ ಗಾಬರಿ, ಅದಕ್ಕೆ ನೀರು ಮುಕ್ಕಳಿಸಿದ್ರೆ ಆಗುತ್ತೆ. ನಿಮ್ಮದು ವೈರಿಂಗು. ನಂಗೆ ಗೊತ್ತಿತ್ತು, ಪಾಠ ಮಾಡೋ ಚಟಕ್ಕೆ ಹೇಳ್ಲಿಲ್ಲ. ಆಪರೇಷನ್ನಿಗೆ ಹೂಂ ಅನ್ನಿ" ಎಂದೆ. ಅವರು ಚಾವಣಿ ನೋಡಿ, "ಹೂಂ" ಎಂದರು.

ಮುಂದಿನ ವಾರ ಆಯಿತು. ಬಾಗಿಲ ಹೊರಗೆ ನಾನೂ ನಸ್ರೀನೂ ಕೂತಿದ್ದೆವು. ಉಸಿರನ್ನು ಉದ್ದಕ್ಕೆ ಬಿಡುವುದನ್ನು ಅವರಿಗೆ ಹೇಳಿಕೊಡಲೇ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವರು ಎದುರಿನ ಗೋಡೆಯ ಮೇಲಿದ್ದ ಕನ್ನಡ ಫಲಕವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. "ನಿ... ಶ್ಶ... ಬ್ದ. ನಿಶ್ಶಬ್ದವಾಗಿರಿ." ಓದಿ ಮುಗಿದರೆ ಮತ್ತೆ ಮೊದಲಿನಿಂದ. ಎರಡು ಗಂಟೆ ಅದೊಂದೇ ಪದ. ಆಮೇಲೆ ಡಾಕ್ಟರರು ಹೊರಬಂದು, ಎಲ್ಲ ಸರಿಹೋಯಿತು, ಆ ದಾರಿ ಮುಚ್ಚಿತು, ಬಲಗಾಲು ಆರು ಗಂಟೆ ಅಲ್ಲಾಡಿಸದೆ ಮಲಗಿರಬೇಕು ಅಷ್ಟೇ ಎಂದರು.

ಒಳಗೆ ಹೋದೆವು. ಗನಿ ಸಾಹೇಬರು ವೈರುಗಳ ನಡುವೆ ನೆಟ್ಟಗೆ ಮಲಗಿದ್ದರು. ನಮ್ಮನ್ನು ನೋಡಿ ನಕ್ಕರು. ನಸ್ರೀನ್ ಅಳುತ್ತಾರೆಂದು ನಾನು ಕರ್ಚೀಫು ಕೈಯಲ್ಲಿ ಹಿಡಿದುಕೊಂಡಿದ್ದೆ.

ನಸ್ರೀನ್ ಅಳಲಿಲ್ಲ. ಮಂಚದ ಪಕ್ಕ ನಿಂತು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಆರು ತಿಂಗಳು" ಎಂದರು. ಅಷ್ಟು ಮಾತ್ರ ಕನ್ನಡ. ಮುಂದಿನದೆಲ್ಲ ದಖ್ನಿ ಉರ್ದು. ಆರು ತಿಂಗಳು ಒಂದೇ ಹಾಸಿಗೆಯಲ್ಲಿ ಪಕ್ಕದಲ್ಲೇ ಮಲಗಿದ್ದವಳಿಗೆ ಹೇಳಲಿಲ್ಲ; ಮೇಲಿನ ಮನೆಯವರಿಗೆ ಕೂಗಿ ಹೇಳುವಷ್ಟು ಉಸಿರಿತ್ತು, ಹೆಂಡತಿಗೆ ಹೇಳುವಷ್ಟು ಇರಲಿಲ್ಲ; ಬೆಳಿಗ್ಗೆ ಬೆವರಿದ್ದು ಸೆಕೆಗೆಂದು ಸುಳ್ಳು ಹೇಳಿ ಹೊಸ ಫ್ಯಾನು ಹಾಕಿಸಿದಿರಿ; ಹೀಗೆ ಶುರುವಾದದ್ದು ಮದುವೆಯ ಮೂರನೇ ದಿನ ಮುಚ್ಚಿಟ್ಟ ಯಾವುದೋ ಜ್ವರದವರೆಗೂ ಹಿಂದಕ್ಕೆ ಹೋಯಿತು. ದನಿ ಏರುತ್ತಲೇ ಇತ್ತು. ವಾರ್ಡಿನ ಎಲ್ಲ ಮಂಚಗಳ ಮೇಲೂ ಜನ ಮೊಣಕೈ ಊರಿ ಎದ್ದರು. ಬಾಗಿಲಲ್ಲಿ ಇಬ್ಬರು ಆಯಾಗಳು ಬಂದು ನಿಂತರು. ಗನಿ ಸಾಹೇಬರು ಏಳುವಂತಿಲ್ಲ, ಹೊರಳುವಂತಿಲ್ಲ. ಕಾಲು ಅಲ್ಲಾಡಿಸಿದರೆ ನರ್ಸು ಬೈಯುತ್ತಾರೆ.

ನಾನು ಗಾಬರಿಯಿಂದ ನರ್ಸಿನ ಕಡೆ ನೋಡಿದೆ. ಅವರು ಪರದೆಯ ಮೇಲೆ ಕಣ್ಣಿಟ್ಟು ನಿಂತಿದ್ದರು. ಎಪ್ಪತ್ತೆರಡು. ನಸ್ರೀನ್ ಅತ್ತೆಯ ಹೆಸರೆತ್ತಿದರು. ಎಪ್ಪತ್ತೆರಡು. ನಾಳೆಯಿಂದ ಅಂಗಡಿಗೆ ತಾನೂ ಬಂದು ಕೂರುತ್ತೇನೆ ಎಂದರು. ಎಪ್ಪತ್ತಮೂರಾಗಿ ಮತ್ತೆ ಎಪ್ಪತ್ತೆರಡಕ್ಕೆ ಬಂತು.

"ನಿಲ್ಲಿಸ್ಲಾ?" ಎಂದು ಪಿಸುಗುಟ್ಟಿದೆ.

"ಬೇಡ ಮೇಡಂ, ಇರ್ಲಿ" ಎಂದರು ನರ್ಸು. "ಇಷ್ಟು ಬೈಸ್ಕೊಂಡ್ರೂ ಹಾರ್ಟ್ ಓಡ್ತಿಲ್ಲ. ಡಾಕ್ಟರ್ ಬಂದು ಒಂದ್ಸಲ ನೋಡ್ಲಿ."